ಸುತ್ತದ ಚಾಪೆ

ಈಶ್ವರಮ್ಮ ಮೊರ ಹಿಡಿದು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಈಸೂರಿನಿಂದ ಚಂದ್ರಗುತ್ತಿ ಅಮ್ಮನ ಗುಡಿಗೆ ನಡೆದು ಹೊರಟ ಹನ್ನೊಂದು ಹೆಂಗಸರಿಗೆ ಆ ಸಂಜೆ ಹೊಸಬಾಳೆಯ ವನಜಮ್ಮನ ಪಡಸಾಲೆಯೇ ಬಿಡಾರ. ಗಂಡಸರಿಗೆ ಶಾಲೆಯ ಜಗಲಿ. ವನಜಮ್ಮ ಚಾಪೆಗಳ ಕಟ್ಟು ಬಿಚ್ಚಿ ಹಾಸುತ್ತಾ ಬಂದಳು. ಹತ್ತೇ ಇದ್ದವು.

ಅಷ್ಟರಲ್ಲಿ ಈಶ್ವರಮ್ಮನ ಕಣ್ಣು ಮೇಲೆ ಹೋಯಿತು. ಬಿದಿರ ಗಳದ ಮೇಲೆ ಇನ್ನೊಂದು ಚಾಪೆ ಬಿಚ್ಚಿಕೊಂಡೇ ಜೋತುಬಿದ್ದಿತ್ತು. ಅಂಚೆಲ್ಲ ಹರಿದು, ಹೊಗೆ ಹಿಡಿದು ಕಪ್ಪಾಗಿತ್ತು. ಅದನ್ನೇ ಇಳಿಸಿದರಾಯಿತಲ್ಲ ಎಂದಳು.

"ಅದು ಬೇಡ. ಅದರ ಮೇಲೆ ಮಲಗಿದ್ದವಳು ಇನ್ನೂ ದಾರೀಲಿದಾಳೆ" ಎಂದಳು ವನಜಮ್ಮ.

ಮನೆಯಿಂದ ಯಾರಾದರೂ ಹೊರಟ ಕೂಡಲೇ ಕಸ ಗುಡಿಸಬಾರದು ಎಂಬುದು ಎಲ್ಲರ ಮನೆಯಲ್ಲೂ ಇರುವ ಮಾತು. ವನಜಮ್ಮನ ಅತ್ತೆಯ ಕಾಲದಿಂದ ಈ ಮನೆಯಲ್ಲಿ ಅದು ಇನ್ನಷ್ಟು ಬಿಗಿ. ನಡೆದು ಹೋದವರು ತಲುಪಿದ ಸುದ್ದಿ ಬರುವವರೆಗೆ ಅವರ ಚಾಪೆ ಸುತ್ತುವಂತಿಲ್ಲ. ಅದಕ್ಕೇ ಹೊರಡುವ ಪ್ರತಿ ಹೆಂಗಸಿಗೂ ತನ್ನ ವಿಳಾಸ ಬರೆದ ಒಂದು ಅಂಚೆ ಕಾರ್ಡು ಕೊಟ್ಟು ಕಳಿಸುತ್ತಿದ್ದಳು. ಬಂದ ಕಾರ್ಡುಗಳೆಲ್ಲ ಕಂಬದ ತಂತಿಗೆ ಸಿಕ್ಕಿಸಿಕೊಂಡು ನೇತಾಡುತ್ತಿದ್ದವು. ಈಗ ಎಲ್ಲರೂ ಫೋನು ಮಾಡುತ್ತೇವೆ ಎನ್ನುತ್ತಾರೆ, ಮಾಡಲಿ. ಫೋನನ್ನು ದಾರಿಯಲ್ಲಿ ಕೂತೂ ಮಾಡಬಹುದು, ಕಾರ್ಡಿಗಾದರೆ ಚಂದ್ರಗುತ್ತಿಯ ಸೀಲು ಬೀಳಬೇಕು ಎಂಬುದು ಅವಳ ವಾದ.

"ಇಪ್ಪತ್ತೆರಡು ವರ್ಷ ಆಯ್ತು. ಹೆಸರು ಕೇಳಿಟ್ಕೊಂಡಿಲ್ಲ ನಾನು" ಎಂದಳು ವನಜಮ್ಮ. "ಎಡಗಾಲು ಬಾತಿತ್ತು, ಪಾಪ. ಬಿಸಿನೀರು ಹಾಕಿ ತಿಕ್ಕಿದ್ದು ನಾನೇ."

ಬಲಗಾಲು ಎಂಬ ಮಾತು ಈಶ್ವರಮ್ಮನ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ನುಂಗಿಕೊಂಡಳು. ಕಲ್ಲೆಂದು ಎತ್ತಿ ಎಸೆದದ್ದು ಅಕ್ಕಿಕಾಳು.

ಆ ವರ್ಷ ಈಶ್ವರಮ್ಮ ತಲುಪಲಿಲ್ಲ. ಚಂದ್ರಗುತ್ತಿ ಇನ್ನು ಮೂರು ಮೈಲಿಯೂ ಇಲ್ಲ ಎನ್ನುವಾಗ ಒಂದು ಮೋರಿಕಟ್ಟೆಯ ಮೇಲೆ ಕೂತವಳು ಏಳಲಾಗದೆ, ಲಾರಿ ಹತ್ತಿ ಊರಿಗೆ ಮರಳಿದ್ದಳು. ಕಾರ್ಡಿನಲ್ಲಿ ಏನು ಬರೆಯಬೇಕು, ಹೇಗೆ ಬರೆಯಬೇಕು? ಆಗ ಅವಳಿಗೆ ಅಕ್ಷರವೇ ಬರುತ್ತಿರಲಿಲ್ಲ. ತಲುಪಿದೆ ಅಂತ ನಾವೇ ಬರೆದು ಹಾಕುತ್ತೇವೆ ಎಂದವರಿಗೆ ಬೇಡ ಎಂದಿದ್ದಳು. ಆಮೇಲೆ ರಾತ್ರಿ ಶಾಲೆಗೆ ಹೋಗಿ ಬರೆಯಲು ಕಲಿತಳು. ಬಸ್ಸಿನಲ್ಲಿ ನಾಲ್ಕು ಸಲ ಚಂದ್ರಗುತ್ತಿಗೆ ಹೋಗಿಬಂದಳು. ಆದರೆ ವನಜಮ್ಮನ ಕಾರ್ಡು ನಡೆದು ಮುಟ್ಟಿದವರಿಗೆ. ಅದು ರೇಷನ್ ಕಾರ್ಡಿನ ಪ್ಲಾಸ್ಟಿಕ್ಕಿನೊಳಗೆ ಹಳದಿಯಾಗುತ್ತಾ ಉಳಿಯಿತು.

ಆ ರಾತ್ರಿ ಅವಳು ತನ್ನ ಕಂಬಳಿಯನ್ನೇ ಹಾಸಿಕೊಂಡು ಗಳದ ಕೆಳಗೆ ಮಲಗಿದಳು. ಬೆಳಿಗ್ಗೆ ವನಜಮ್ಮ ಎಲ್ಲರಿಗೂ ಕಾರ್ಡು ಹಂಚುತ್ತಾ ಬಂದಾಗ, ನನ್ನ ಹತ್ತಿರ ಒಂದು ಇದೆ ಎಂದು ಕೈ ಹಿಂದಕ್ಕೆ ಸರಿಸಿದಳು. ಕಷಾಯದ ಪಾತ್ರೆ ಉಕ್ಕುತ್ತಿತ್ತು. ವನಜಮ್ಮ ಆ ಕಡೆ ಓಡಿದಳು.

ಬಿಸಿಲು ಏರಿದಂತೆ ಡಾಂಬರು ಕಾಯತೊಡಗಿತು. ಈಶ್ವರಮ್ಮನ ಮೊಣಕಾಲು ಒಂದೊಂದು ಹೆಜ್ಜೆಗೂ ಲಟಕ್ ಎನ್ನುತ್ತಿತ್ತು. ಗುಂಪಿನ ಮುಂದಾಳು ಚಿಕ್ಕಬೀರಪ್ಪ ಸಾಮಾನಿನ ಟೆಂಪೋವನ್ನು ಎರಡು ಸಲ ಅವಳ ಪಕ್ಕಕ್ಕೆ ತರಿಸಿದ. ಮೂರನೆಯ ಸಲ ತಾನೇ ಇಳಿದು ಬಂದ.

"ಈಶ್ವರಕ್ಕಾ, ಇಲ್ಲಿಂದ ಕುಂತು ಬಂದ್ರೆ ಅಮ್ಮ ಏನೂ ಅನ್ನಂಗಿಲ್ಲ."

"ಅಮ್ಮ ಅನ್ನಂಗಿಲ್ಲಪ್ಪ. ಚಾಪಿ ಅಂತೈತಿ."

ಬಿಸಿಲು ನೆತ್ತಿಗೆ ಹತ್ತಿದೆ ಎಂದುಕೊಂಡು ಅವನು ಅವಳ ತಲೆಗೆ ಒದ್ದೆ ಟವೆಲ್ಲು ಹಾಕಿ ಹೋದ.

ಮಜ್ಜಿಗೆಗೆಂದು ಟೆಂಪೋ ನಿಂತಿತು. ನಿಂತದ್ದು ಅದೇ ಮೋರಿಕಟ್ಟೆಯ ಪಕ್ಕ. ಉಳಿದವರೆಲ್ಲ ಕಟ್ಟೆಯ ಮೇಲೆ ಸಾಲಾಗಿ ಕೂತು ಕಾಲು ಚಾಚಿದರು. ಬಾ ಎಂದು ಜಾಗ ಬಿಟ್ಟರು. ಈಶ್ವರಮ್ಮ ನಿಂತೇ ಕುಡಿದಳು, ಲೋಟ ಕೊಟ್ಟಳು, ಯಾರಿಗೂ ಕಾಯದೆ ನಡೆದಳು. ಹತ್ತು ಹೆಜ್ಜೆ ಹೋದ ಮೇಲೆ ಒಮ್ಮೆ ತಿರುಗಿ ನೋಡಿದಳು. ಮೋರಿಕಟ್ಟೆ ಹಿಂದಿತ್ತು. ಅಲ್ಲಿಂದ ನೋಡಿದರೆ ಎಷ್ಟು ಗಿಡ್ಡ, ಮಗು ಕೂಡ ದಾಟಬಹುದಾದಷ್ಟು. ಅವಳಿಗೆ ನಗು ಬಂತು.

ಬೆಟ್ಟದ ಮೆಟ್ಟಿಲುಗಳ ಕೊನೆಗೆ ಎಲ್ಲರಿಗಿಂತ ತಡವಾಗಿ ಬಂದದ್ದು ಅವಳೇ. ಮೇಲಿನಿಂದ ಚಿಕ್ಕಬೀರಪ್ಪ ಕೈ ನೀಡಿದ. ಕೈ ಬೇಡ, ಚೀಲ ಹಿಡಿ ಎಂದು ಕೊಟ್ಟು, ಕೊನೆಯ ಮೆಟ್ಟಿಲನ್ನು ತಾನೇ ಹತ್ತಿದಳು. ಅಮ್ಮನ ಮುಂದೆ ಏನೂ ಬೇಡಿಕೊಳ್ಳಲು ತೋಚಲಿಲ್ಲ. ಬಂದೆ ಎಂದಷ್ಟೇ ಹೇಳಿದಳು.

ಕೆಳಗಿಳಿದವಳು ಊಟದ ಸಾಲಿಗೆ ಹೋಗದೆ ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಕೂತು, ಚಿಕ್ಕಬೀರಪ್ಪನ ಪೆನ್ನು ಇಸಿದುಕೊಂಡಳು. ಒಂದೊಂದೇ ಅಕ್ಷರವನ್ನು ರಾತ್ರಿ ಶಾಲೆಯಲ್ಲಿ ಕಲಿತಂತೆ ಗುಂಡಗೆ ಬರೆದಳು. 'ವನಜಮ್ಮನವರಿಗೆ ಈಸೂರಿನ ಈಶ್ವರಮ್ಮ ಮಾಡುವ ನಮಸ್ಕಾರಗಳು. ತಲುಪಿದೆ. ಅಂದು ಬಾತಿದ್ದು ಬಲಗಾಲು, ಎಡಗಾಲಲ್ಲ. ಚಾಪೆ ಸುತ್ತಿಡಿ.'

ಹೆಗಲ ಮೇಲಿಂದ ಬಗ್ಗಿ ಓದಿದ ಚಿಕ್ಕಬೀರಪ್ಪ, ಯಾವ ಕಾಲು, ಯಾವ ಚಾಪೆ ಎಂದು ಕೇಳಿದ. ಓದಬೇಕಾದವರಿಗೆ ತಿಳಿಯುತ್ತದೆ ಎಂದು ಅವಳು ಒಳಗೆ ಹೋದಳು.

ಅಂಚೆಯವನು ಹಳದಿ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಬದಿಯಲ್ಲಿ ಮಸುಕಾಗಿ ಒಂದು ಸೀಲು ಒತ್ತಿ ಚೀಲದ ಕಡೆ ಕೈ ಚಾಚಿದ. ಈಶ್ವರಮ್ಮ ಅವನ ಮೇಜಿನ ಮೇಲೆ ಅಂಗೈ ಊರಿ ನಿಂತಳು.

"ಇನ್ನೊಂದ್ಸಲ ಹೊಡೀರಿ, ಸ್ವಾಮಿ. ಊರಿನ ಹೆಸರು ಕಾಣಂಗ."