ಅಂಗಳದ ಗೇರ್ ಬಾಕ್ಸ್

ಗ್ಯಾರೇಜಿನ ಗೇರ್ ಆಯಿಲ್ ವಾಸನೆಗೆ ಈಗಲೂ ನನಗೆ ಒಣಸಿಗಡಿ ಚಟ್ನಿ ನೆನಪಾಗುತ್ತದೆ.

ಅಂದು ಹೊನ್ನಾವರದ ನಮ್ಮ ಅಂಗಳದಲ್ಲಿ, ಮೀನು ಒಣಗಿಸುವ ಚಾಪೆಯ ಮೇಲೆ ಅಪ್ಪ ಹಳೇ ಕಾರಿನ ಗೇರ್ ಬಾಕ್ಸ್ ಬಿಚ್ಚಿ ಹರವಿದ್ದ. ಬೋಟಿನ ಎಂಜಿನ್ ರಿಪೇರಿ ಮಾಡುವ ಅವನಿಗೆ ಕಾರೆಂದರೆ ನೆಲದ ಮೇಲಿನ ಬೋಟು. ಬೋಟಿಗೆ ಮುಂದಕ್ಕೆ ಒಂದು, ಹಿಂದಕ್ಕೆ ಒಂದು ಗೇರು ಸಾಕಾಗುವಾಗ ಕಾರಿಗೆ ಇಷ್ಟೊಂದು ಹಲ್ಲುಚಕ್ರ ಯಾಕೆಂದು ಕಾರು ಮಾಡಿದವರನ್ನು ಗಂಭೀರವಾಗಿ ಖಂಡಿಸುತ್ತಿದ್ದ.

ಗೇರುಸೊಪ್ಪದಲ್ಲಿ ಅಜ್ಜಿಯ ತಂಗಿ ಹಾಸಿಗೆ ಹಿಡಿದಿದ್ದಳು. ಅವಳು ಆಸೆಪಟ್ಟು ಕೇಳಿದ್ದ ಒಣಸಿಗಡಿ ಚಟ್ನಿ ಕಟ್ಟಿಕೊಂಡು ಅಜ್ಜಿ ಬೆಳಗಿನಿಂದ ಜಗಲಿಯಲ್ಲಿ ಕೂತು ಮಗನಿಗೆ ಹೇಳುತ್ತಲೇ ಇದ್ದಳು.

“ತಮ್ಮಾ, ನಾ ಬಸ್ಸಿಗೆ ಹೋಗ್ತೆ.”

“ಮನೇಲಿ ಕಾರಿಟ್ಕಂಡು ಬಸ್ಸಿಗಾ? ಊರವ್ರು ನಗೂದಿಲ್ವಾ? ಕೂತ್ಕೋ ಅಮ್ಮಾ, ಈಗ ಆತು.”

“ನೀ ಆತು ಆತು ಅಂದಾಗೆಲ್ಲಾ ಒಂದೊಂದು ಬಸ್ ಹೋತು.”

ಎಲ್ಲ ಕೂಡಿಸಿದ ಮೇಲೆ ಚಾಪೆಯಲ್ಲಿ ಉಳಿದ ಗೇರಿನ ಎರಡು ಹಿತ್ತಾಳೆ ಬಳೆಗಳನ್ನು ಅಪ್ಪ ಅನಗತ್ಯವೆಂದು ತೀರ್ಮಾನಿಸಿ ಡಬ್ಬಿಗೆ ಹಾಕಿದ. ಕಾರು ಶುರುವಾಯಿತು. ಮುಂದಕ್ಕೆ ಹೋಗುವ ಗೇರು ಒಂದೂ ಬೀಳಲಿಲ್ಲ. ರಿವರ್ಸ್ ಮಾತ್ರ ಚೆನ್ನಾಗಿ ಬಿತ್ತು.

ಅಷ್ಟರಲ್ಲಿ ಗೇರುಸೊಪ್ಪದಿಂದ ಫೋನ್ ಬಂತು. ಅಜ್ಜಿಯ ತಂಗಿ ತೀರಿಕೊಂಡಿದ್ದಳು.

ಅಜ್ಜಿ ಅಳಲಿಲ್ಲ. ಅಂಗಳಕ್ಕಿಳಿದು ಚಟ್ನಿಯ ಪೊಟ್ಟಣವನ್ನು ಅಪ್ಪನ ಎಣ್ಣೆಗೈಯಲ್ಲಿ ಇಟ್ಟಳು.

“ನೀನೇ ತಿನ್ನು, ತಮ್ಮಾ. ಬೆಳಗಿಂದ ದುಡ್ದಿದ್ದೀ, ಹಸಿವಾಗಿರ್ತದೆ.”

ಆಮೇಲೆ ಕಡೇ ಬಸ್ಸಿಗೆ ಹೋದಳು.