ಡೀಸೆಲ್ ಟ್ಯಾಂಕಿನ ನೀರು

ಮೆಕ್ಯಾನಿಕ್ ಸೋಮಶೇಖರ್ ಫಿಲ್ಟರಿನ ಅಡಿಯ ತಿರುಪು ಸಡಿಲಿಸಿ, ಕೆಳಗೆ ಹಿಡಿದಿದ್ದ ಗಾಜಿನ ಬಾಟಲಿಯನ್ನು ಬೆಳಕಿಗೆತ್ತಿ ತೋರಿಸಿದ. ಮೇಲೆ ಒಂದು ಬೆರಳಿನಷ್ಟು ಡೀಸೆಲ್, ಕೆಳಗೆಲ್ಲ ಬರೀ ನೀರು.

"ಬಂಕ್ ಬದಲಾಯಿಸಿದ್ರಿ, ಟ್ಯಾಂಕ್ ಇಳ್ಸಿ ತೊಳ್ದಿದ್ದಾಯ್ತು, ಮುಚ್ಚಳದ ವಾಷರ್ ಹೊಸ್ದು ಹಾಕಿದ್ದಾಯ್ತು. ಇದು ಮಳೆ ನೀರಲ್ಲ ಅಮೃತಣ್ಣ. ಯಾರೋ ಸುರೀತಾವ್ರೆ," ಎಂದ.

ಅಮೃತೇಶನ ಊರು ತಾಂಡವಪುರದಿಂದ ಬಾಳೆಗೊನೆ ಹೇರಿಕೊಂಡು ಬರುವ ಆ ಹಳೇ ಪಿಕಪ್ಪು ದಾರಿಯಲ್ಲಿ ಕೆಮ್ಮಿ ನಿಲ್ಲುವುದು, ನಂಜನಗೂಡಿನ ಗ್ಯಾರೇಜಿಗೆ ಅದನ್ನು ಎಳೆಸಿಕೊಂಡು ಬರುವುದು ಈಚೆಗೆ ಮಾಮೂಲಾಗಿಬಿಟ್ಟಿತ್ತು. ಅಮೃತೇಶ್ ತಿರುಗಿ ತನ್ನ ಡ್ರೈವರ್ ಕೃಷ್ಣಕುಮಾರನನ್ನು ನೋಡಿದ.

"ಏನ್ ಕೃಷ್ಣ, ಡೀಸೆಲ್ ಮಾರ್ಕೊಂಡು ನೀರು ತುಂಬಿಸ್ತಿದ್ದೀಯಾ?"

ಕೃಷ್ಣಕುಮಾರ್ ಕೈಯ ಮಸಿ ಒರೆಸಿಕೊಂಡ. "ನಾನಲ್ಲ ಕಣಣ್ಣ. ಯೋಳ್ಬಾರ್ದು ಅಂತಿದ್ದೆ. ನಿಮ್ಮಪ್ಪಾವ್ರು ಹಾಕ್ತಾವ್ರೆ. ಕಂಡಾಗೆಲ್ಲ ತಡ್ದಿವ್ನಿ."

ಅಪ್ಪ ಶಂಭುಲಿಂಗಪ್ಪ ಆ ಗಾಡಿ ಕೊಂಡವರು, ವರ್ಷಗಟ್ಟಲೆ ತಾವೇ ಓಡಿಸಿದವರು. ಒಗೆದ ಬಟ್ಟೆಯಿಂದ ಆಲಿಕೆ ಒರೆಸದೆ ಆಯಿಲ್ ಹಾಕಿದವರಲ್ಲ. ರೇಡಿಯೇಟರಿನ ನೀರು ನೋಡದೆ ಬೆಳಗಿನ ಕಾಫಿ ಕುಡಿದವರಲ್ಲ. ಅಂಥವರ ಮೇಲೆ ತನ್ನ ಕಳ್ಳತನ ಹೊರಿಸುತ್ತಾನಲ್ಲ ಎಂದು ಅಮೃತೇಶನಿಗೆ ರೇಗಿಹೋಯಿತು. ಕೈ ಎದ್ದದ್ದು ಅವನಿಗೇ ತಿಳಿಯಲಿಲ್ಲ. ಏಟು ಕೆನ್ನೆಗೆ ಬಿತ್ತು. ಪಕ್ಕದ ಟೀ ಅಂಗಡಿಯಲ್ಲಿದ್ದವರು ತಿರುಗಿ ನೋಡಿದರು. ಕೃಷ್ಣಕುಮಾರ್ ಗಾಡಿಯ ಕೀಯನ್ನು ಬಾನೆಟ್ಟಿನ ಮೇಲಿಟ್ಟು, ತನ್ನೂರು ಹದಿನಾರಿನ ಬಸ್ಸು ಹತ್ತಿ ಹೋದ.

ಆಮೇಲೆ ಗಾಡಿಯನ್ನು ಅಮೃತೇಶನೇ ಓಡಿಸತೊಡಗಿದ. ಒಂದು ಬೆಳಿಗ್ಗೆ ಮನೆಯ ಹಿತ್ತಲಿಗೆ ಬಂದವನು ಬಾಗಿಲಲ್ಲೇ ನಿಂತುಬಿಟ್ಟ. ಸ್ನಾನ ಮುಗಿಸಿ, ಹಣೆಗೆ ವಿಭೂತಿ ಧರಿಸಿ, ಅಂಗಿಯ ಗುಂಡಿಗಳನ್ನೆಲ್ಲ ಹಾಕಿಕೊಂಡಿದ್ದ ಅಪ್ಪ, ಪಿಕಪ್ಪಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದರು. ಡೀಸೆಲ್ ಟ್ಯಾಂಕಿನ ಬಾಯಿಗೆ ಆಲಿಕೆ ಇಟ್ಟು, ಅದರ ಮೇಲೆ ಬಿಳೀ ಬಟ್ಟೆ ಹಾಸಿ, ಕಸ ಒಳಹೋಗದಂತೆ ಚೊಂಬಿನಿಂದ ನಿಧಾನವಾಗಿ ನೀರು ಸೋಸುತ್ತಿದ್ದರು.

"ಅಪ್ಪಾಜಿ, ಏನ್ ಮಾಡ್ತಿದ್ದೀರಿ?"

"ಕಾಣಾಕಿಲ್ವಾ? ರೇಡಿಯೇಟರ್‌ಗೆ ನೀರು. ಎಷ್ಟು ಹಾಕುದ್ರೂ ಕುಡೀತದೆ ಇದು." ಅವರ ದನಿ ಎಂದಿನಂತೆ ಶಾಂತವಾಗಿತ್ತು. "ಆ ಕೃಷ್ಣ ಇದ್ರೆ ಚೊಂಬೇ ಕಿತ್ಕತಾನೆ. ಗಾಡಿ ಮ್ಯಾಲೆ ನಿಗಾನೇ ಇಲ್ಲ ಅವ್ನಿಗೆ."

ಮಾತಿನಲ್ಲಿ ತಡವರಿಕೆಯಿಲ್ಲ, ಕೈಯಲ್ಲಿ ನಡುಕವಿಲ್ಲ, ಮುಖ ಅದೇ ಮುಖ. ಅದನ್ನು ನೋಡಿಯೇ ಅಮೃತೇಶನಿಗೆ ಹೆಚ್ಚು ಭಯವಾಯಿತು. ಚೊಂಬು ಇಸಿದುಕೊಂಡು ಅವರನ್ನು ಜಗಲಿಯ ಮೇಲೆ ಕೂರಿಸಿದ. ಹೆಂಡತಿಗೆ ಏನೆಂದು ಹೇಳುವುದೋ ತೋಚಲಿಲ್ಲ. ಬೈಕ್ ಹತ್ತಿ ನೇರ ಹದಿನಾರಿಗೆ ಹೋದ.

ಕೃಷ್ಣಕುಮಾರ್ ಮನೆಯ ಮುಂದೆ ಹಸುವಿಗೆ ಹುಲ್ಲು ಹಾಕುತ್ತಿದ್ದ. ಒಳಗೆ ಬನ್ನಿ ಎನ್ನಲಿಲ್ಲ.

"ನೀನು ಹೇಳಿದ್ದು ನಿಜ ಕೃಷ್ಣ. ಇವತ್ತು ಕಣ್ಣಾರೆ ಕಂಡೆ. ನಿನ್ ಮೇಲೆ ಕೈ ಮಾಡಿದ್ದು ತಪ್ಪಾಯ್ತು."

ಕೃಷ್ಣಕುಮಾರ್ ಕೈಯಲ್ಲಿದ್ದ ಹುಲ್ಲು ಕೆಳಗಿಟ್ಟ. "ಗಾಡಿ ಕೀ ಯಾರ ತಾವ ಅದೆ?" ಎಂದು ಕೇಳಿದ.

ಅಮೃತೇಶ್ ಜೇಬು ಮುಟ್ಟಿ ನೋಡಿಕೊಂಡ. ಕೀ ಮನೆಯ ಬಾಗಿಲ ಹಿಂದಿನ ಮೊಳೆಯಲ್ಲೇ ಇತ್ತು. ಹೆಂಡತಿ ಶ್ವೇತಳಿಗೆ ಫೋನ್ ಮಾಡಿದ.

"ಅಪ್ಪಾಜಿ ಎಲ್ಲಿ?"

"ಈಗ ತಾನೇ ಹೋದ್ರಲ್ಲ, ಗಾಡೀಲಿ. ನಂದಿತಾನ ಸ್ಕೂಲಿಗೆ ನಾನೇ ಬಿಡ್ತೀನಿ ಅಂತ ಕೂರಿಸ್ಕೊಂಡ್ರು. ಯಾಕ್ರೀ?"

"ಓಡು ಶ್ವೇತ. ಮೈಸೂರು ರಸ್ತೆಗೆ ಓಡು," ಎಂದಷ್ಟೇ ಹೇಳಿ ಅಮೃತೇಶ್ ಫೋನ್ ಇಟ್ಟ. ಕೃಷ್ಣಕುಮಾರ್ ಅಷ್ಟರಲ್ಲಿ ಅವನ ಬೈಕನ್ನು ಸ್ಟಾರ್ಟ್ ಮಾಡಿದ್ದ. "ಕೂತ್ಕಳಿ," ಎಂದ. ಎದುರಿಗೆ ಜನ ಗುಂಪುಗೂಡಿದ್ದು ಕಂಡಲ್ಲೆಲ್ಲ ಅಮೃತೇಶ್ ಕಣ್ಣು ಮುಚ್ಚಿಕೊಂಡ.

ಊರಿನ ರಸ್ತೆ ಮೈಸೂರು ಹೆದ್ದಾರಿಗೆ ಕೂಡುವ ಕಡೆ ಪಿಕಪ್ಪು ನಿಂತಿತ್ತು. ಅದರ ಮೂತಿಗೂ ಹೆದ್ದಾರಿಯ ಟಾರಿಗೂ ಒಂದು ಮಾರು ಅಂತರವಿದ್ದೀತು. ಅದರಾಚೆ ಜಲ್ಲಿ ಲಾರಿಗಳು ಒಂದರ ಹಿಂದೊಂದು ಬೀಸಿಕೊಂಡು ಹೋಗುತ್ತಿದ್ದವು. ನಂದಿತಾಳನ್ನು ಗಾಡಿಯಿಂದ ಇಳಿಸಿಕೊಂಡಿದ್ದ ಶ್ವೇತ, ಮಗಳನ್ನು ಬಿಗಿಯಾಗಿ ತಬ್ಬಿಕೊಂಡು ಬೇಲಿಯ ಪಕ್ಕ ನಿಂತಿದ್ದಳು. ಅವಳ ಕಾಲಲ್ಲಿ ಚಪ್ಪಲಿ ಇರಲಿಲ್ಲ. ಶಂಭುಲಿಂಗಪ್ಪ ಮಾತ್ರ ಇಳಿಯಲೊಪ್ಪದೆ ಸ್ಟೇರಿಂಗ್ ಹಿಡಿದು ಕೂತಿದ್ದರು. ಮತ್ತೆ ಮತ್ತೆ ಕೀ ತಿರುಗಿಸುತ್ತಿದ್ದರು. ಎಂಜಿನ್ ಒಣಕೆಮ್ಮು ಕೆಮ್ಮಿ ಸುಮ್ಮನಾಗುತ್ತಿತ್ತು.

ಕೃಷ್ಣಕುಮಾರ್ ಹೋಗಿ ಬಾಗಿಲು ತೆರೆದ. ಕೀಯ ಮೇಲಿದ್ದ ಅವರ ಕೈಯನ್ನು ಮೆಲ್ಲಗೆ ಹಿಡಿದುಕೊಂಡ. "ಈ ಕಡೆ ಬನ್ನಿ ಯಜಮಾನ್ರೇ. ನಾನು ನೋಡ್ತೀನಿ."

"ಬಂದ್ಯಾ ಕೃಷ್ಣ? ಮಗೀನ ಸ್ಕೂಲಿಗೆ ಒತ್ತಾಯ್ತು ಅಂತ ಜೋರಾಗಿ ಬತ್ತಿದ್ದೆ. ಇಲ್ಲಿಗೆ ಬಂದು ನಿಂತೋಯ್ತು, ನೋಡು."

ಹತ್ತಿರ ಬಂದ ಅಮೃತೇಶನಿಗೆ ಅಪ್ಪನ ಮುಖ ನೋಡಲಾಗಲಿಲ್ಲ. ಒಂದು ಲಾರಿ ಹಾರನ್ ಹೊಡೆಯುತ್ತ ಹಾದುಹೋಯಿತು. ಅದರ ಗಾಳಿಗೆ ಪಿಕಪ್ಪಿನ ಬಾಗಿಲು ಅಲುಗಾಡಿತು. ಶಂಭುಲಿಂಗಪ್ಪ ಪಕ್ಕದ ಸೀಟಿಗೆ ಸರಿದು ಕೂತು, ಸಮಾಧಾನದಿಂದ ಹೇಳಿದರು:

"ಬೆಳಗ್ಗೆ ನಾನು ನೀರು ಹಾಕಿದ್ದು ಒಳ್ಳೇದಾಯ್ತು ಕಣ್ಲಾ. ಹಾಕ್ದೆ ಇದ್ದಿದ್ರೆ ನಮ್ ಗತಿ ಏನಾಗೋದು?"