ಹೊಸ ಅಳಿಯನ ಹೆಡ್‌ಲೈಟ್ ರಿಪೇರಿ

ಮೊದಲ ದೀಪಾವಳಿಗೆಂದು ಬಂದ ಅಳಿಯ, ಮಾವನ ಕಾರಿನ ಹೆಡ್‌ಲೈಟಿನೊಳಗೆ ನೀರಾವಿ ಕಟ್ಟಿದ್ದನ್ನು ಕಂಡು ತೋಳೇರಿಸಿದ. ಮಾವನ ಎದೆ ಧಸಕ್ಕೆಂದಿತು.

“ಗ್ಯಾರೇಜಿಗೆ ಕೊಟ್ರಾಯ್ತು. ನೀವ್ಯಾಕೆ ಕೈ ಕೊಳೆ ಮಾಡ್ಕೋತೀರಿ?”

“ನಾನಿರೋವಾಗ ಗ್ಯಾರೇಜ್ ಯಾಕೆ ಮಾವ?”

ಹೊಸ ಅಳಿಯನಿಗೆ ಬೇಡವೆನ್ನುವುದುಂಟೇ? ಮಾವ ತಾವೇ ಸ್ಕ್ರೂಡ್ರೈವರ್ ತಂದುಕೊಟ್ಟರು.

ಅತ್ತೆ ಕೇಕ್ ಮಾಡುವ ಓವನ್ನಿನಲ್ಲಿ ಹೆಡ್‌ಲೈಟ್ ಬಿಸಿಯಾಯಿತು. ಹಳೇ ಅಂಟು ಮೆತ್ತಗಾಗಿ ಮುಂದಿನ ಗಾಜು ಕಳಚಿ ಬಂತು. ಅಳಿಯ ಊಟದ ಮೇಜಿನ ಮೇಲೆಯೇ ಎಲ್ಲವನ್ನೂ ಹರವಿಕೊಂಡು ಒರೆಸಲು ಕೂತ. ಅತ್ತೆ ಪಕ್ಕದಲ್ಲೇ ಕಜ್ಜಾಯದ ತಟ್ಟೆಯಿಟ್ಟರು.

“ಇನ್ನೊಂದು ಹಾಕ್ಕೊಳ್ಳಿ, ಸಂಕೋಚ ಬೇಡ.”

ಸಂಕೋಚ ಅಳಿಯನಿಗೆ ಇರಲೇ ಇಲ್ಲ. ಒಂದು ಕೈಯಲ್ಲಿ ಕಜ್ಜಾಯ, ಇನ್ನೊಂದರಲ್ಲಿ ಅಂಟಿನ ಟ್ಯೂಬು. ಅಂಚಿನ ಸುತ್ತ ಹೊಸ ಅಂಟು ತುಂಬಿ, ಗಾಜು ಕೂರಿಸಿ ಒತ್ತಿ ಹಿಡಿದ. ಒಣಗಿದ ಮೇಲೆ ಕಾರಿಗೆ ಜೋಡಿಸಿ, ಪೈಪಿನಿಂದ ನೀರು ಬಿಟ್ಟು ತೋರಿಸಿದ. ಒಂದು ಹನಿಯೂ ಒಳಗಿಳಿಯಲಿಲ್ಲ.

“ನೋಡಿ ಮಾವ, ಇನ್ನು ಇದನ್ನ ಬಿಚ್ಚೋಕೆ ನನ್ನಿಂದಲೂ ಆಗಲ್ಲ. ನೀರಿರಲಿ, ಒಂದು ಇರುವೆ ಕೂಡ ಒಳಗೆ ಹೋಗಲ್ಲ!”

ಮಾವನಿಗೆ ಹೋದ ಜೀವ ಬಂದಂತಾಯಿತು. ಕತ್ತಲಾಗುತ್ತಲೇ ಅಕ್ಕಪಕ್ಕದವರನ್ನೂ ಕರೆದು ಕಾಂಪೌಂಡಿನ ಎದುರು ನಿಲ್ಲಿಸಿ, ತಾವೇ ಹೆಮ್ಮೆಯಿಂದ ಲೈಟ್ ಹಾಕಿದರು.

ಬೆಳಗಿದ ಗೋಡೆಯ ಮೇಲೆ ಎಮ್ಮೆ ಗಾತ್ರದ ಇರುವೆಯ ನೆರಳೊಂದು, ಬಾಯಲ್ಲಿ ಕಜ್ಜಾಯದ ಚೂರು ಕಚ್ಚಿಕೊಂಡು, ದಾರಿ ಹುಡುಕುತ್ತಾ ಅತ್ತಿಂದಿತ್ತ ಓಡಾಡುತ್ತಿತ್ತು.